ಉಂಡ ಮನೆಯ ಜಂತಿ

ಉಂಡ ಮನೆಯ ಜಂತಿ ಎಣಿಸಬಾರದು ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದವನು. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಹುಡುಗರಿಗೆ ಹೇಳುತ್ತ ಬಂದವನೂ ಹೌದು. ಯಾರ ಮನೆಯಲ್ಲಿ ಅನ್ನ ಉಂಡೆವೋ ಅವರ ಮನೆಯ ಹುಳುಕನ್ನು ಊರಿಗೆ ಸಾರಬಾರದು ಎಂಬುದು ಅದರ ಅರ್ಥ. ಕೇಳುವುದಕ್ಕೆ ಎಷ್ಟು ಸಭ್ಯವಾದ ಮಾತು! ಕೃತಜ್ಞತೆಯ ಪಾಠದಂತಿದೆ. ಆದರೆ ಈ ಮಾತನ್ನು ಯಾರು ಹೇಳುತ್ತಾರೆ, ಯಾರಿಗೆ ಹೇಳುತ್ತಾರೆ ಎಂದು ಗಮನಿಸುತ್ತ ಹೋದರೆ, ಜಂತಿಗೆ ಒರಲೆ ಹತ್ತಿರುವ ಮನೆಯ ಯಜಮಾನನೇ ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುವುದು ಕಾಣುತ್ತದೆ. ಫ್ರಾನ್ಸಿನ ಸೈಕಲ್ ಸವಾರರಲ್ಲಿಯೂ ಇಂಥದೇ ಒಂದು ಮಾತಿದೆ. ತಮ್ಮೊಳಗಿನ ಗುಟ್ಟನ್ನು ಹೊರಗೆ ಆಡಿದವನನ್ನು ಅವರು ಸೂಪಿನಲ್ಲಿ ಉಗುಳಿದವನು ಎನ್ನುತ್ತಾರೆ. ಆ ಮಾತಿಗೆ ಬಲಿಯಾದ ಒಬ್ಬ ಸವಾರನ ಪರವಾಗಿ ವಕಾಲತ್ತು ವಹಿಸಲು ನಾನು ಇದನ್ನು ಬರೆಯುತ್ತಿದ್ದೇನೆ. ಅವನು ನನ್ನ ವಕಾಲತ್ತನ್ನು ಕೇಳಿದವನಲ್ಲ. ಆದರೂ ಈ ಜಗಳ ನನ್ನದು ಎಂದು ನನಗೆ ಅನ್ನಿಸಿದೆ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಜಗಳ ಹುಟ್ಟಿದ್ದು ನಮ್ಮೂರಿನ ಒಂದು ಸೈಕಲ್ ಅಂಗಡಿಯಲ್ಲಿ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಸೈಕಲ್ ರೇಸು ಹೊಸದಲ್ಲ. ನಮ್ಮ ಭಾಗದ ಎಷ್ಟೋ ಹುಡುಗರು, ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ನಸುಕಿನಲ್ಲಿ ಹೆದ್ದಾರಿಯ ಅಂಚಿಗೆ ಅವರು ಸಾಲು ಹಿಡಿದು ಹೋಗುವುದನ್ನು ನೋಡುವುದು ನನ್ನ ಮುಂಜಾನೆಯ ತಿರುಗಾಟದ ಸುಖಗಳಲ್ಲೊಂದು. ಆ ಹುಡುಗರಿಗೆಲ್ಲ ಪರಿಚಿತನಾದ ನನ್ನ ಗೆಳೆಯನ ಅಂಗಡಿಯ ಗೋಡೆಯ ಮೇಲೆ, ಹಳದಿ ಅಂಗಿ ತೊಟ್ಟ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ಚಿತ್ರ ಬಹಳ ವರ್ಷಗಳಿಂದ ಇದೆ. "ಇದನ್ನ ಇನ್ನೂ ತಗದಿಲ್ಲೇನ್ರಿ?" ಎಂದು ಒಂದು ದಿನ ಕೇಳಿದೆ.

"ಯಾಕ ತಗೀಬೇಕ್ರಿ ಮಾಸ್ತರ? ಎಲ್ಲಾರೂ ಔಷಧ ತಗೋತಿದ್ರು, ಅವನೂ ತಗೊಂಡ. ಎಲ್ಲಾರೂ ತಗೊಂಡ ಮ್ಯಾಲ ಮೋಸ ಎಲ್ಲಿಂದ ಬಂತು? ಅಂಥವರೊಳಗ ಅವನ ಮುಂದ ಬಂದಾನಲ್ಲ!"

ಗೆಳೆಯ ಒಳ್ಳೆಯ ಮನುಷ್ಯ. ಬಡ ಹುಡುಗರ ಸೈಕಲ್ಲಿಗೆ ಬಿಟ್ಟಿ ರಿಪೇರಿ ಮಾಡುವವನು. ಅವನಿಗೆ ಆಗ ಉತ್ತರ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಅದಕ್ಕೆ ಕಾರಣವೂ ಇತ್ತು. 2004ರ ಸುಮಾರಿಗೆ ಆರ್ಮ್‌ಸ್ಟ್ರಾಂಗನ ಕ್ಯಾನ್ಸರ್ ಸಂಸ್ಥೆಯ ಹಳದಿ ರಬ್ಬರ್ ಪಟ್ಟಿ ಜಗತ್ತಿನ ತುಂಬ ಹರಡಿದಾಗ, ಅಂಥದೊಂದನ್ನು ಬೆಂಗಳೂರಿನಿಂದ ತರಿಸಿ ಕಟ್ಟಿಕೊಂಡು ಓಡಾಡಿದ ಮಾಸ್ತರ ನಾನೇ. 1996ರಲ್ಲಿ ಕ್ಯಾನ್ಸರಿಗೆ ತುತ್ತಾದವನು 1999ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಎಂಬ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೋಸಹೋದವನಿಗೆ ಮೋಸ ಮಾಡಿದವನಿಗಿಂತ ಹೆಚ್ಚು ನಾಚಿಕೆಯಾಗುತ್ತದೆ.

ಮನೆಗೆ ಬಂದ ಮೇಲೆ ಗೆಳೆಯನ ಮಾತಿನಲ್ಲಿದ್ದ ಒಂದು ಪದ ನನ್ನನ್ನು ಕಾಡತೊಡಗಿತು. ಅದು ಔಷಧವಲ್ಲ, ಮೋಸವಲ್ಲ. 'ಎಲ್ಲಾರೂ' ಎಂಬ ಪದ. ಈ ಎಲ್ಲರೂ ಅಂದರೆ ಯಾರು? ಅವರು ಎಲ್ಲರೂ ಆದದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಕ್ರಿಸ್ತೋಫ್ ಬಸ್ಸೋನ್ಸ್ ಎಂಬ ಫ್ರೆಂಚ್ ಸವಾರನ ಕಥೆಯನ್ನು ಕೇಳಬೇಕು. ಅದಕ್ಕೂ ಮೊದಲು ಈ ಆಟದ ನಡೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಟೂರ್ ದ ಫ್ರಾನ್ಸ್ 1903ರಲ್ಲಿ ಶುರುವಾದ ಸ್ಪರ್ಧೆ. ಮೂರು ವಾರ, ದಿನಕ್ಕೊಂದು ಹಂತ, ಒಟ್ಟು ಮೂರು ಸಾವಿರ ಕಿ.ಮೀ.ಗೂ ಮೇಲ್ಪಟ್ಟ ದಾರಿ. ನಡುವೆ ಆಲ್ಪ್ಸ್, ಪಿರೆನೀಸ್ ಪರ್ವತಗಳು. ಹೊರಗಿನಿಂದ ನೋಡಿದರೆ ಇದು ಒಬ್ಬೊಬ್ಬನ ಕಾಲಿನ ಬಲದ ಪಂದ್ಯ. ಒಳಗೆ ಹೊಕ್ಕು ನೋಡಿದರೆ ಹಾಗಲ್ಲ. ವೇಗವಾಗಿ ಸೈಕಲ್ ತುಳಿಯುವವನ ದೊಡ್ಡ ವೈರಿ ಗಾಳಿ. ಮುಂದಿನವನ ಹಿಂಚಕ್ರಕ್ಕೆ ಗೇಣಿನಷ್ಟು ಹತ್ತಿರ ಅಂಟಿಕೊಂಡು ಹೋದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಆದ್ದರಿಂದಲೇ ನೂರೈವತ್ತು ಇನ್ನೂರು ಜನ ಗುಂಪುಗೂಡಿ ಹೋಗುತ್ತಾರೆ. ಆ ಗುಂಪಿಗೆ ಪೆಲೊಟಾನ್ ಎಂದು ಹೆಸರು. ಗುಂಪಿನಿಂದ ಬಿದ್ದವನು ಒಬ್ಬನೇ ಗಾಳಿಯನ್ನು ಸೀಳಬೇಕು. ಬಹಳ ಹೊತ್ತು ಯಾರಿಂದಲೂ ಆಗದ ಕೆಲಸ ಅದು. ಪ್ರತಿ ತಂಡದಲ್ಲಿ ನಾಯಕ ಒಬ್ಬ. ಉಳಿದವರು ಅವನಿಗೆ ಗಾಳಿ ತಡೆಯುವವರು, ಹಿಂದಿನ ಕಾರಿನಿಂದ ನೀರಿನ ಬಾಟಲಿ ತಂದು ಕೊಡುವವರು, ಅವನ ಸೈಕಲ್ ಕೆಟ್ಟರೆ ತಮ್ಮದನ್ನು ಬಿಟ್ಟುಕೊಡುವವರು. ಅವರಿಗೆ ಫ್ರೆಂಚಿನಲ್ಲಿ ಮನೆಯಾಳು ಎಂಬರ್ಥದ ಹೆಸರೇ ಇದೆ. ಅವರ ಅನ್ನ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ನವೀಕರಿಸುವ ಕರಾರಿನ ಮೇಲೆ ನಿಂತಿರುತ್ತದೆ.

ಬೇರೆ ಆಟಗಳಲ್ಲಿ ಎದುರಾಳಿ ನಿಮ್ಮನ್ನು ದ್ವೇಷಿಸಿದರೆ ಆಟಕ್ಕೇನೂ ಆಗುವುದಿಲ್ಲ. ಕುಸ್ತಿಯಲ್ಲಿ ದ್ವೇಷಿಸುವವನೂ ನಿಮ್ಮ ಕೈಗೆ ಕೈ ಕೊಡಲೇಬೇಕು. ಆದರೆ ಸೈಕಲ್ ರೇಸಿನಲ್ಲಿ ಗುಂಪು ನಿಮ್ಮನ್ನು ಬೇಡ ಎಂದರೆ ನಿಮ್ಮ ಕಸುಬು ಮುಗಿದಂತೆ. ನೀವು ಮುಂದೆ ಹೋದರೆ ಎಲ್ಲರೂ ಸೇರಿ ಬೆನ್ನಟ್ಟುತ್ತಾರೆ. ಹಿಂದೆ ಬಿದ್ದರೆ ಯಾರೂ ಕಾಯುವುದಿಲ್ಲ. ಹಳ್ಳಿಯಲ್ಲಿ ಬಹಿಷ್ಕಾರ ಹಾಕಿದರೆ ಬೆಂಕಿ ನೀರು ನಿಲ್ಲುತ್ತಿದ್ದವಲ್ಲ, ಇಲ್ಲಿ ಗಾಳಿಯೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಇಂಥ ಗುಂಪಿನಲ್ಲಿ ಗುಟ್ಟು ಉಳಿಯುವುದು ಬಹಳ ಸುಲಭ.

ಇನ್ನು ಔಷಧದ ಮಾತು. ಮೂತ್ರಪಿಂಡ ಕೆಟ್ಟು ರಕ್ತಹೀನತೆಯಾದವರಿಗೆಂದು 1980ರ ದಶಕದ ಕೊನೆಗೆ ಇಪಿಒ ಎಂಬ ಚುಚ್ಚುಮದ್ದು ಬಂತು. ಅದು ದೇಹದಲ್ಲಿ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಕೆಂಪು ಕಣ ಹೆಚ್ಚಾದರೆ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು. ರೋಗಿಗಳ ಔಷಧ ಸವಾರರ ಕೈಗೆ ಹೋಗಲು ಹೆಚ್ಚು ದಿನ ಹಿಡಿಯಲಿಲ್ಲ. ಅದು ರಕ್ತವನ್ನು ಮಂದ ಮಾಡುತ್ತದೆ. ನಿದ್ರೆಯಲ್ಲಿ ಹೃದಯ ನಿಧಾನವಾದಾಗ ಜೀವಕ್ಕೆ ಎರವಾಗಬಹುದು. ಆಗ ಅದನ್ನು ಪತ್ತೆಹಚ್ಚುವ ಪರೀಕ್ಷೆ ಇರಲಿಲ್ಲ. ಅದು ಬಂದದ್ದು 2000ದ ಸಿಡ್ನಿ ಒಲಿಂಪಿಕ್ಸಿನ ಹೊತ್ತಿಗೆ. ಹಾಗಾಗಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1997ರಲ್ಲಿ ಒಂದು ಮಿತಿ ಹಾಕಿತು: ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ 50ನ್ನು ದಾಟಿದರೆ ಆ ಸವಾರ ಎರಡು ವಾರ ಮನೆಯಲ್ಲಿರಬೇಕು. ಅದು ಶಿಕ್ಷೆಯಲ್ಲ, ಆರೋಗ್ಯದ ದೃಷ್ಟಿಯಿಂದ ವಿಶ್ರಾಂತಿ! ಪರಿಣಾಮ ಏನಾಯಿತು? 50ರವರೆಗೆ ಏರಿಸಿಕೊಳ್ಳಲು ಪರವಾನಗಿ ಸಿಕ್ಕಂತಾಯಿತು. ತಂಡಗಳು ರಕ್ತ ಅಳೆಯುವ ಸಣ್ಣ ಯಂತ್ರಗಳನ್ನು ಹೋಟೆಲಿನ ಕೋಣೆಗಳಲ್ಲಿ ಇಟ್ಟುಕೊಂಡವು. ಮಿತಿ ಮೀರಿದರೆ ತಿಳಿಗೊಳಿಸಲು ಸಲೈನ್ ಬಾಟಲಿ ಸಿದ್ಧವಿರುತ್ತಿತ್ತು. ಬೇಲಿ ಹಾಕಿದ್ದು ಹೊಲ ಕಾಯಲಿಕ್ಕಲ್ಲ, ಎಲ್ಲಿಯವರೆಗೆ ಮೇಯಬಹುದು ಎಂದು ತೋರಿಸಲಿಕ್ಕೆ ಎನ್ನುವ ಹಾಗೆ.

ಬಸ್ಸೋನ್ಸ್ 1974ರಲ್ಲಿ ದಕ್ಷಿಣ ಫ್ರಾನ್ಸಿನ ಮಜಾಮೆ ಎಂಬ ಊರಿನಲ್ಲಿ ಹುಟ್ಟಿದವನು. 1996ರಲ್ಲಿ ವೃತ್ತಿಪರನಾದ, ಅದೇ ವರ್ಷ ಫೆಸ್ಟಿನಾ ಎಂಬ ಗಡಿಯಾರದ ಕಂಪನಿಯ ತಂಡ ಸೇರಿದ. ಅದು ಆಗಿನ ಬಲಿಷ್ಠ ತಂಡಗಳಲ್ಲಿ ಒಂದು. ಅದರ ನಾಯಕ ರಿಷಾರ್ ವಿರಾಂಕ್ ಫ್ರಾನ್ಸಿನ ಮನೆಮಗ. 1997ರ ಟೂರಿನಲ್ಲಿ ಎರಡನೆಯವನಾಗಿ ಬಂದಿದ್ದ. 1998ರ ಜುಲೈ 8ರಂದು, ಟೂರ್ ಶುರುವಾಗಲು ಮೂರು ದಿನ ಇರುವಾಗ, ಆ ತಂಡದ ಮಾಲೀಸು ಮಾಡುವ ವಿಲ್ಲಿ ವೂಟ್ ಎಂಬಾತ ಬೆಲ್ಜಿಯಂ ಗಡಿಯಲ್ಲಿ ಕಾರಿನ ತುಂಬ ಇಪಿಒ ಮತ್ತಿತರ ಔಷಧದ ಸೀಸೆಗಳೊಂದಿಗೆ ಸಿಕ್ಕಿಬಿದ್ದ. ತಂಡದ ವ್ಯವಸ್ಥಾಪಕನೇ ಕೊನೆಗೆ ಒಪ್ಪಿಕೊಂಡ: ಔಷಧ ಕೊಡುವುದು ಕದ್ದುಮುಚ್ಚಿ ಒಬ್ಬಿಬ್ಬರು ಮಾಡುತ್ತಿದ್ದ ಕೆಲಸವಲ್ಲ, ತಂಡದ ವ್ಯವಸ್ಥೆ. ಫೆಸ್ಟಿನಾವನ್ನು ಹೊರಗೆ ಹಾಕಿದರು. ಪೊಲೀಸರು ಹೋಟೆಲುಗಳನ್ನು ಶೋಧಿಸಿದಾಗ ಸವಾರರು ರಸ್ತೆಯ ಮೇಲೆ ಕೂತು ಮುಷ್ಕರ ಹೂಡಿದರು. 189 ಜನ ಹೊರಟ ಆ ಟೂರನ್ನು ಮುಗಿಸಿದವರು 96.

ಬಸ್ಸೋನ್ಸ್ ಆ ವರ್ಷ ಟೂರಿಗೆ ಹೋದ ಒಂಬತ್ತು ಜನರಲ್ಲಿ ಇರಲಿಲ್ಲ. ಅವನ ಹೆಸರು ಹೊರಗೆ ಬಂದದ್ದು ಬೇರೆ ರೀತಿಯಲ್ಲಿ. ಪೊಲೀಸರ ಮುಂದೆ ತಮ್ಮ ತಪ್ಪು ಒಪ್ಪಿಕೊಂಡ ತಂಡದ ಸವಾರರೇ, ಬಸ್ಸೋನ್ಸ್ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಹೇಳಿದರು. ಯೋಚಿಸಿ ನೋಡಿ: ಒಬ್ಬನ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಉಂಟೆ? ಪತ್ರಿಕೆಗಳು ಅವನನ್ನು ಮೊಸ್ಯೂ ಪ್ರೋಪ್ರ್ ಎಂದು ಕರೆದವು, ಅಂದರೆ ಸ್ವಚ್ಛ ಮಹಾಶಯ. ಅದು ಫ್ರಾನ್ಸಿನಲ್ಲಿ ನೆಲ ತೊಳೆಯುವ ಒಂದು ದ್ರಾವಣದ ಹೆಸರು. ಹೊಗಳಿಕೆಯಲ್ಲಿಯೇ ಸ್ವಲ್ಪ ನಗೆಯೂ ಇತ್ತು.

ಮುಂದಿನ ವರ್ಷ, 1999ರ ಟೂರನ್ನು ಸಂಘಟಕರು ನವೋದಯದ ಟೂರ್ ಎಂದು ಸಾರಿದರು. ಕೊಳೆ ತೊಳೆದುಹೋಯಿತು, ಇನ್ನೆಲ್ಲ ಹೊಸತು. ಬಸ್ಸೋನ್ಸ್ ಈಗ ಬೇರೆ ತಂಡದಲ್ಲಿದ್ದ. ತಿಂಗಳ ಹಿಂದಷ್ಟೇ ದೋಫಿನೆ ಸ್ಪರ್ಧೆಯ ಒಂದು ಹಂತವನ್ನು ಗೆದ್ದಿದ್ದ. 'ಲ ಪಾರಿಸಿಯೆಂ' ಪತ್ರಿಕೆಗೆ ಟೂರಿನ ಒಳಗಿನಿಂದ ಅಂಕಣ ಬರೆಯುತ್ತಿದ್ದ. ಏನೂ ತೊಳೆದುಹೋಗಿಲ್ಲ, ಗುಂಪು ಹೋಗುತ್ತಿರುವ ವೇಗ ನಂಬುವಂಥದಲ್ಲ ಎಂಬುದನ್ನು ಅವನು ಮುಚ್ಚಿಡಲಿಲ್ಲ. ಯಾರ ಹೆಸರನ್ನೂ ಹಿಡಿದು ನೀನು ಕಳ್ಳ ಎನ್ನಲಿಲ್ಲ. ಅಷ್ಟಕ್ಕೇ ಗುಂಪು ಅವನೊಂದಿಗೆ ಮಾತು ಬಿಟ್ಟಿತು. ಆ ವರ್ಷದ ಟೂರಿನ ಸರಾಸರಿ ವೇಗ ಇತಿಹಾಸದಲ್ಲಿ ಮೊದಲ ಬಾರಿಗೆ ಗಂಟೆಗೆ 40 ಕಿ.ಮೀ. ದಾಟಿತು ಎಂಬುದನ್ನು ಇಲ್ಲಿ ನೆನೆಯಬೇಕು.

ಜುಲೈ 14, ಫ್ರಾನ್ಸಿನ ರಾಷ್ಟ್ರೀಯ ಹಬ್ಬ. ಅಂದಿನ ಹಂತ ಮುಗಿಯುವುದು ಆಲ್ಪ್ ದ್ಯುಎಜ್ ಎಂಬ 21 ತಿರುವುಗಳ ಬೆಟ್ಟದ ನೆತ್ತಿಯಲ್ಲಿ. ಮೊದಲ ಭಾಗವನ್ನು ನಿಧಾನವಾಗಿ ತುಳಿಯೋಣ ಎಂದು ಗುಂಪು ತನ್ನೊಳಗೆ ಮಾತಾಡಿಕೊಂಡಿತ್ತು. ಬಸ್ಸೋನ್ಸನಿಗೆ ಅದನ್ನು ಯಾರೂ ಹೇಳಿರಲಿಲ್ಲ. ತನ್ನ ತಂಡದ ಮೆಕ್ಯಾನಿಕನಿಂದ ತಿಳಿದುಕೊಂಡ. ಹಾಗಾದರೆ ಆಗಲಿ ಎಂದು ಒಬ್ಬನೇ ಮುಂದೆ ಹೋದ. ಇಡೀ ಗುಂಪು ಬೆನ್ನಟ್ಟಿ ಬಂದು ಅವನನ್ನು ಹಿಡಿಯಿತು. ಹಳದಿ ಅಂಗಿಯ ಆರ್ಮ್‌ಸ್ಟ್ರಾಂಗ್ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಹಾಕಿ, ನೀನು ಆಡುತ್ತಿರುವ ಮಾತು ಸೈಕ್ಲಿಂಗಿಗೆ ಒಳ್ಳೆಯದಲ್ಲ, ಬೇಡವಾಗಿದ್ದರೆ ಮನೆಗೆ ಹೋಗು ಎಂಬರ್ಥದ ಮಾತು ಹೇಳಿದ. ಅದೂ ಒರಟು ಬೈಗುಳ ಸೇರಿಸಿ. ಬಸ್ಸೋನ್ಸ್ ತಾನು ಮುಂದಿನ ಪೀಳಿಗೆಯ ಸವಾರರ ಬಗ್ಗೆ ಯೋಚಿಸುತ್ತಿದ್ದೇನೆ ಎಂದ. ಇದು ಗುಟ್ಟಾಗಿ ನಡೆದದ್ದಲ್ಲ. ಅಂದು ಸಂಜೆ ಆರ್ಮ್‌ಸ್ಟ್ರಾಂಗ್ ಟಿ.ವಿ. ಎದುರಿಗೇ ಹೌದು, ಅವನು ಮನೆಗೆ ಹೋಗುವುದು ಒಳ್ಳೆಯದು ಎಂಬ ಅಭಿಪ್ರಾಯವನ್ನು ಹೇಳಿದ. ಯಾವ ಅಧಿಕಾರಿಯೂ ಆಕ್ಷೇಪಿಸಲಿಲ್ಲ. ತಂಡದವರೂ ಬೆನ್ನಿಗೆ ನಿಲ್ಲಲಿಲ್ಲ. ಎರಡು ದಿನದ ಮೇಲೆ, ಜುಲೈ 16ರ ಬೆಳಿಗ್ಗೆ, ಸ್ಯಾಂ ಫ್ಲೂರ್ ಎಂಬ ಊರಿಗೆ ಹೋಗಬೇಕಾದ ಹಂತ ಶುರುವಾಗುವ ಮೊದಲೇ ಬಸ್ಸೋನ್ಸ್ ಚೀಲ ಕಟ್ಟಿಕೊಂಡು ಮನೆಗೆ ಹೊರಟುಹೋದ. ಕಾಲು ಸೋತಿರಲಿಲ್ಲ, ಮನಸ್ಸು ಸೋತಿತ್ತು. 2000ದಲ್ಲಿ ತನ್ನ ಅನುಭವವನ್ನು ಪುಸ್ತಕವಾಗಿ ಬರೆದ. 2001ರಲ್ಲಿ, 27ನೆಯ ವಯಸ್ಸಿಗೆ, ವೃತ್ತಿಯನ್ನೇ ಬಿಟ್ಟ.

ಈಗ ಸ್ಯಾಂ ಫ್ಲೂರ್ ಊರಿನ ಇನ್ನೊಂದು ದಿನವನ್ನು ನೋಡಿ. 2004ರ ಜುಲೈ 14. ಮತ್ತೆ ರಾಷ್ಟ್ರೀಯ ಹಬ್ಬ. ಅಂದು ಆ ಊರಿನಲ್ಲಿ ಮುಗಿದ ಹಂತವನ್ನು ಗೆದ್ದವನು ರಿಷಾರ್ ವಿರಾಂಕ್. ಎರಡು ವರ್ಷ ಕಾಲ ನಾನಲ್ಲ, ನಾನಲ್ಲ ಎಂದು ಸಾಧಿಸಿ, 2000ದ ಅಕ್ಟೋಬರಿನಲ್ಲಿ ಲೀಲ್ ನಗರದ ನ್ಯಾಯಾಲಯದಲ್ಲಿ ಹೌದು ಎಂದು ಒಪ್ಪಿಕೊಂಡವನು. ಕೆಲವು ತಿಂಗಳ ನಿಷೇಧ ಮುಗಿಸಿ ಮರಳಿ ಬಂದ. ಆ ವರ್ಷ ಬೆಟ್ಟದ ದೊರೆಗೆ ಕೊಡುವ ಚುಕ್ಕೆ ಅಂಗಿಯನ್ನು ಏಳನೆಯ ಸಲ ಗೆದ್ದು ದಾಖಲೆ ಬರೆದ. ಮುಂದೆ ಟಿ.ವಿ.ಯಲ್ಲಿ ರೇಸಿನ ವ್ಯಾಖ್ಯಾನಕಾರನೂ ಆದ. ವಿರಾಂಕನ ಮೇಲೆ ನನಗೆ ದ್ವೇಷವಿಲ್ಲ. ಅವನು ತಪ್ಪೊಪ್ಪಿ ಶಿಕ್ಷೆ ಅನುಭವಿಸಿದವನು. ನನ್ನ ಪ್ರಶ್ನೆ ಗುಂಪಿಗೆ. ತಪ್ಪು ಮಾಡಿ ಎರಡು ವರ್ಷ ಸುಳ್ಳು ಹೇಳಿದವನನ್ನು ಮತ್ತೆ ಪಂಕ್ತಿಯಲ್ಲಿ ಕೂಡಿಸಿಕೊಂಡ ಮನೆಗೆ, ತಪ್ಪು ಮಾಡದೆ ನಿಜ ಹೇಳಿದವನಿಗೆ ಒಂದು ಎಲೆ ಹಾಕಲು ಯಾಕೆ ಆಗಲಿಲ್ಲ? ಉತ್ತರ ಸರಳವಾಗಿದೆ. ತಪ್ಪು ಮಾಡಿದವನು ತಮ್ಮವನು. ಅವನನ್ನು ಕ್ಷಮಿಸಿದರೆ ತಮ್ಮನ್ನು ತಾವೇ ಕ್ಷಮಿಸಿಕೊಂಡಂತೆ. ಮಾಡದವನನ್ನು ಒಪ್ಪಿಕೊಂಡರೆ, ಮಾಡದೆ ಇರಲು ಸಾಧ್ಯವಿತ್ತು ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಈಗ ನನ್ನ ಗೆಳೆಯನ ವಾದಕ್ಕೆ ಬರುತ್ತೇನೆ. ಎಲ್ಲರೂ ತೆಗೆದುಕೊಂಡ ಮೇಲೆ ನೆಲ ಸಮತಟ್ಟಾಯಿತಲ್ಲ ಎನ್ನುತ್ತಾನೆ ಅವನು. ಇದು ಲೆಕ್ಕದಲ್ಲಿಯೇ ತಪ್ಪು. ಒಬ್ಬನ ರಕ್ತದಲ್ಲಿ ಕೆಂಪು ಕಣದ ಪಾಲು ಹುಟ್ಟಿನಿಂದ 41 ಇದೆ, ಇನ್ನೊಬ್ಬನದು 48 ಎಂದುಕೊಳ್ಳಿ. ಮಿತಿ 50. ಮೊದಲನೆಯವನು ಔಷಧದಿಂದ ಒಂಬತ್ತು ಏರಿಸಿಕೊಳ್ಳಬಹುದು, ಎರಡನೆಯವನು ಎರಡೇ. ಪ್ರಕೃತಿ ಯಾರಿಗೆ ಕೊಟ್ಟಿತ್ತೋ ಅವನಿಂದ ಕಸಿದು, ಯಾರಿಗೆ ಕೊಟ್ಟಿರಲಿಲ್ಲವೋ ಅವನಿಗೆ ಔಷಧ ಕೊಡುತ್ತದೆ. ಇದರ ಮೇಲೆ ಒಳ್ಳೆಯ ವೈದ್ಯನನ್ನು ಇಟ್ಟುಕೊಳ್ಳಲು ಹಣ ಬೇಕು, ಮುಚ್ಚಿಡಲು ಪ್ರಭಾವ ಬೇಕು. 1999ರ ಟೂರಿನಲ್ಲಿಯೇ ಆರ್ಮ್‌ಸ್ಟ್ರಾಂಗನ ಮೂತ್ರದಲ್ಲಿ ಸ್ಟೀರಾಯ್ಡ್ ಜಾತಿಯ ಔಷಧದ ಕುರುಹು ಸಿಕ್ಕಿತ್ತು. ಹಿಂದಿನ ದಿನಾಂಕ ಹಾಕಿದ ವೈದ್ಯರ ಚೀಟಿಯೊಂದು ಹೊರಬಂದು ವಿಷಯ ಮುಚ್ಚಿಹೋಯಿತು ಎಂದು ಅವನ ತಂಡದಲ್ಲಿ ಮಾಲೀಸು ಮಾಡುತ್ತಿದ್ದ ಎಮ್ಮಾ ಓರೈಲಿ ಎಂಬ ಹೆಣ್ಣುಮಗಳು ಮುಂದೆ ಸಾಕ್ಷಿ ಹೇಳಿದಳು. ಹೀಗೆ ಚೀಟಿ ಹುಟ್ಟಿಸುವ ಶಕ್ತಿ ನೀರಿನ ಬಾಟಲಿ ಹೊರುವವನಿಗೆ ಇರುತ್ತದೆಯೆ? ಇದು ಯಾವ ಸಮತಟ್ಟು?

ಆದರೆ ಲೆಕ್ಕಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಎಲ್ಲರೂ ಮಾಡುತ್ತಿದ್ದರು ಎಂಬ ಮಾತು ಹೆಚ್ಚುಕಡಿಮೆ ನಿಜವೇ ಇರಬಹುದು. ಅದು ನಿಜವಾದದ್ದು ಹೇಗೆ? ಮಾಡದವರನ್ನು ಮೊದಲು ಓಡಿಸಿದ್ದರಿಂದ. ಜುಲೈ 16ರ ಬೆಳಿಗ್ಗೆ ಬಸ್ಸೋನ್ಸ್ ಹೊರಟುಹೋದ ಮೇಲೆ ಗುಂಪಿನಲ್ಲಿ 'ಎಲ್ಲರೂ' ಇನ್ನಷ್ಟು ಎಲ್ಲರೂ ಆದರು. 2004ರಲ್ಲಿ ಇಟಲಿಯ ಫಿಲಿಪ್ಪೋ ಸಿಮಿಯೋನಿ, ಆರ್ಮ್‌ಸ್ಟ್ರಾಂಗನ ವೈದ್ಯನ ವಿರುದ್ಧ ಸಾಕ್ಷಿ ಹೇಳಿದ್ದ ಸವಾರ, ಟೂರಿನಲ್ಲಿ ಮುಂದಿನ ತಂಡ ಸೇರಲು ಹೋದಾಗ, ಹಳದಿ ಅಂಗಿಯವನು ತಾನೇ ಬೆನ್ನಟ್ಟಿ ಹಿಂದಕ್ಕೆ ಬರುವಂತೆ ಮಾಡಿದ. ಆಮೇಲೆ ಕ್ಯಾಮರಾದ ಎದುರಿಗೆ ತುಟಿಗೆ ಜಿಪ್ ಎಳೆಯುವ ಸನ್ನೆ ಮಾಡಿ ತೋರಿಸಿದ. ಪಂದ್ಯ ಗೆಲ್ಲಲು ಅದರಿಂದ ಏನೂ ಉಪಯೋಗವಿರಲಿಲ್ಲ. ಉಪಯೋಗ ಬೇರೆಯದಕ್ಕೆ ಇತ್ತು. ಹೊಲದಲ್ಲಿನ ಜೋಳವನ್ನೆಲ್ಲ ಕಿತ್ತು ಬಿಸಾಕಿ, ನೋಡಿ, ಇಲ್ಲಿ ಕಸ ಮಾತ್ರ ಬೆಳೆಯುತ್ತದೆ ಎಂದು ಹೇಳಿದರೆ ಅದನ್ನು ಭೂಮಿಯ ಗುಣ ಎನ್ನಬಹುದೆ? 'ಎಲ್ಲರೂ' ಎಂಬುದು ಅಪರಾಧಕ್ಕೆ ಸಮಜಾಯಿಷಿ ಅಲ್ಲ; ಅದು ಅಪರಾಧದ ಎರಡನೆಯ ಭಾಗ.

ಅನ್ಯಾಯದ ಮಾತು ಆಡಬಾರದು. ಇಪ್ಪತ್ತೊಂದು ವರ್ಷದ ಹುಡುಗ, ಹದಿನಾಲ್ಕರಿಂದ ಸೈಕಲ್ ಬಿಟ್ಟು ಬೇರೆ ಏನೂ ಕಲಿತಿಲ್ಲ. ಕರಾರು ಮುಗಿಯುತ್ತ ಬಂದಿದೆ. ಹಿರಿಯನೊಬ್ಬ ಬಂದು ಇದು ವಿಟಮಿನ್ ಇದ್ದಂತೆ, ಎಲ್ಲರೂ ತೆಗೆದುಕೊಳ್ಳುತ್ತಾರೆ ಎಂದು ಸಿರಿಂಜು ಮುಂದೆ ಹಿಡಿಯುತ್ತಾನೆ. ಆ ಹುಡುಗ ಕೈ ಚಾಚಿದರೆ ಅವನನ್ನು ಕಳ್ಳ ಎನ್ನಲು ನನಗೆ ಮನಸ್ಸಾಗುವುದಿಲ್ಲ. ನಾನು ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ? ಈ ಪ್ರಶ್ನೆಯನ್ನು ಸುಮ್ಮನೆ ಕೇಳುತ್ತಿಲ್ಲ. ಉತ್ತರ ನನಗೆ ಗೊತ್ತಿದೆ.

ನಾನು ನೌಕರಿಗೆ ಸೇರಿ ಏಳೆಂಟು ವರ್ಷವಾಗಿತ್ತು. ಒಂದು ಪರೀಕ್ಷಾ ಕೇಂದ್ರದಲ್ಲಿ ನಕಲು ಎಂಬುದು ಜಾತ್ರೆಯಂತೆ ನಡೆಯುತ್ತಿತ್ತು. ಕಿಟಕಿಯಿಂದ ಚೀಟಿ ಬರುತ್ತಿದ್ದವು, ನಾವು ಗೋಡೆಯ ಗಡಿಯಾರ ನೋಡುತ್ತ ನಿಲ್ಲುತ್ತಿದ್ದೆವು. ಫಲಿತಾಂಶ ಚೆನ್ನಾಗಿ ಬಂದರೆ ಎಲ್ಲರಿಗೂ ಒಳ್ಳೆಯದು: ಹುಡುಗರಿಗೆ, ಪಾಲಕರಿಗೆ, ನಮಗೆ. ಆ ವರ್ಷ ಹೊಸದಾಗಿ ಬಂದ ಒಬ್ಬ ಯುವಕ ಮಾಸ್ತರ ತನ್ನ ಕೋಣೆಯಲ್ಲಿ ಚೀಟಿ ಹಿಡಿದು ಬರಹದಲ್ಲಿ ವರದಿ ಕೊಟ್ಟ. ಮರುದಿನದಿಂದ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಚಹ ತರಿಸುವಾಗ ಅವನನ್ನು ಬಿಟ್ಟು ಎಣಿಸುತ್ತಿದ್ದರು. ನಾನು ಅವನ ಮೇಲೆ ಕೈ ಎತ್ತಲಿಲ್ಲ, ಬೈಯಲೂ ಇಲ್ಲ. ಒಂದು ಸಂಜೆ ಅವನ ಹೆಗಲ ಮೇಲೆ ಕೈಹಾಕಿ, ಬಹಳ ಮೃದುವಾಗಿ, "ತಮ್ಮಾ, ಉಂಡ ಮನಿ ಜಂತಿ ಎಣಸಬಾರದಪಾ" ಎಂದೆ. ಅವನು ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ವರ್ಷ ಮುಗಿಯುವುದರೊಳಗೆ ವರ್ಗ ಮಾಡಿಸಿಕೊಂಡು ಹೋದ. ಮುಂದಿನ ವರ್ಷ ಆ ಕೇಂದ್ರದಲ್ಲಿ ನಾವು ಎಲ್ಲರೂ ಒಂದೇ ಮನಸ್ಸಿನವರಾಗಿದ್ದೆವು.

ಆರ್ಮ್‌ಸ್ಟ್ರಾಂಗ್ ಬಸ್ಸೋನ್ಸನ ಹೆಗಲ ಮೇಲೆ ಕೈಹಾಕಿದ ಎಂಬುದನ್ನು ಓದಿದ ದಿನ ನನಗೆ ನನ್ನ ಕೈ ಕಂಡಿತು. ಬೈಗುಳ ಹೇಳಿದವನು ಅವನು, ಗಾದೆ ಹೇಳಿದವನು ನಾನು. ವ್ಯತ್ಯಾಸ ಅಷ್ಟೆ. ಬೈಗುಳಕ್ಕೆ ಯಾರಾದರೂ ಎದುರಾಡಬಹುದು. ಗಾದೆಗೆ ಎದುರಾಡುವುದು ಕಷ್ಟ. ಈ ಜಗಳ ನನ್ನದು ಎಂದು ಮೊದಲಿಗೆ ಹೇಳಿದ್ದು ಇದಕ್ಕೇ.

ಮುಂದಿನದು ಎಲ್ಲರಿಗೂ ಗೊತ್ತಿದೆ. 2012ರ ಅಕ್ಟೋಬರಿನಲ್ಲಿ ಅಮೆರಿಕದ ಉದ್ದೀಪನ ನಿಗ್ರಹ ಸಂಸ್ಥೆ ತನ್ನ ವರದಿಯನ್ನು ಹೊರಗಿಟ್ಟಿತು. ಆರ್ಮ್‌ಸ್ಟ್ರಾಂಗನ ಹಳೆಯ ತಂಡದ ಹನ್ನೊಂದು ಜನರೇ ಅದರಲ್ಲಿ ಸಾಕ್ಷಿ ಹೇಳಿದ್ದರು. ಅವನಿಗೆ ಜೀವಾವಧಿ ನಿಷೇಧ. 1999ರಿಂದ 2005ರವರೆಗಿನ ಏಳೂ ಪ್ರಶಸ್ತಿಗಳು ಹೋದವು. 2013ರ ಜನವರಿಯಲ್ಲಿ ಅವನೇ ಟಿ.ವಿ.ಯಲ್ಲಿ ಒಪ್ಪಿಕೊಂಡ. ಅದೇ ವರ್ಷದ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಬಸ್ಸೋನ್ಸನನ್ನು ಭೇಟಿಯಾಗಿ ಕ್ಷಮೆ ಕೇಳಿದ. ಬಸ್ಸೋನ್ಸ್ ಅಷ್ಟು ಹೊತ್ತಿಗೆ ಫ್ರಾನ್ಸ್ ಸರಕಾರದ ಕ್ರೀಡಾ ಇಲಾಖೆಯಲ್ಲಿ ಉದ್ದೀಪನ ತಡೆಯುವ ಕೆಲಸದಲ್ಲಿದ್ದ. ಅವನು ಹಳಹಳಿಸಲಿಲ್ಲ, ಗೆದ್ದೆ ಎಂದು ಮೀಸೆ ತಿರುವಲೂ ಇಲ್ಲ.

ಸತ್ಯಕ್ಕೆ ಕೊನೆಗೆ ಜಯವಾಯಿತಲ್ಲ ಎಂದು ಸಮಾಧಾನ ಪಡುವವರಿದ್ದಾರೆ. ನನಗೆ ಆ ಸಮಾಧಾನ ಇಲ್ಲ. ಟೂರಿನ ವಿಜೇತರ ಪಟ್ಟಿಯಲ್ಲಿ ಇಂದು ಆ ಏಳು ವರ್ಷಗಳ ಎದುರು ಯಾರ ಹೆಸರೂ ಇಲ್ಲ. ಎರಡನೆಯವನಿಗೆ ಕೊಡೋಣವೆಂದರೆ ಅಲ್ಲಿಯೂ ಅದೇ ಕಥೆ ಎಂದು ಒಕ್ಕೂಟ ಆ ಸಾಲುಗಳನ್ನು ಖಾಲಿ ಬಿಟ್ಟಿದೆ. ಕದ್ದವನಿಂದ ಕಿತ್ತುಕೊಂಡ ಲೆಕ್ಕ ಅಲ್ಲಿ ಕಾಣುತ್ತದೆ. ಕಳೆದುಕೊಂಡವನ ಲೆಕ್ಕ ಯಾವ ಪಟ್ಟಿಯಲ್ಲಿಯೂ ಕಾಣುವುದಿಲ್ಲ. 27ರಿಂದ 35ರವರೆಗೆ ಬಸ್ಸೋನ್ಸ್ ತುಳಿಯಬಹುದಾಗಿದ್ದ ಸೈಕಲ್ಲಿಗೆ, ಗೆಲ್ಲಬಹುದಾಗಿದ್ದ ಅಥವಾ ಮರ್ಯಾದೆಯಿಂದ ಸೋಲಬಹುದಾಗಿದ್ದ ಪಂದ್ಯಗಳಿಗೆ ಖಾಲಿ ಸಾಲು ಕೂಡ ಇಲ್ಲ. ಮನೆಗೆ ಹೋಗು ಎಂದದ್ದಕ್ಕೆ ಹದಿನಾಲ್ಕು ವರ್ಷದ ಮೇಲೆ ಕ್ಷಮೆ ಕೇಳಬಹುದು. ಮನೆಗೆ ಹೋದವನನ್ನು ಮತ್ತೆ ಇಪ್ಪತ್ತೈದರ ಪ್ರಾಯಕ್ಕೆ ತಂದು ಆ ರಸ್ತೆಯಲ್ಲಿ ನಿಲ್ಲಿಸಲು ಯಾರಿಂದ ಆದೀತು? ನನ್ನ ಆ ಯುವಕ ಮಾಸ್ತರನನ್ನು ಹುಡುಕಿ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇನ್ನೂ ಕೇಳಿಲ್ಲ.

ನಾನು ಹುಟ್ಟಿದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ಮಳೆಗಾಲಕ್ಕೆ ಮೊದಲು ಪ್ರತಿವರ್ಷ ಬಡಿಗ ಬರುತ್ತಿದ್ದ. ಕೈಯಲ್ಲಿ ಒಂದು ಕೋಲು. ನಡುಮನೆಯಿಂದ ಶುರುಮಾಡಿ ಒಂದೊಂದೇ ಜಂತಿಯನ್ನು ತಟ್ಟಿ, ಕಿವಿಗೊಟ್ಟು ಕೇಳಿ, ಎಣಿಸುತ್ತ ಹೋಗುತ್ತಿದ್ದ. ಟೊಳ್ಳು ದನಿ ಬಂದದ್ದಕ್ಕೆ ಸುಣ್ಣದ ಗುರುತು. ಮಧ್ಯಾಹ್ನ ನಮ್ಮ ಮನೆಯಲ್ಲೇ ಅವನ ಊಟ. ರೊಟ್ಟಿ ತಿಂದು ಕೈ ತೊಳೆದು ಮತ್ತೆ ಕೋಲು ಹಿಡಿಯುತ್ತಿದ್ದ. ಉಂಡ ಮನೆಯ ಜಂತಿಯನ್ನೇ ಅವನು ಎಣಿಸುತ್ತಿದ್ದದ್ದು. ಹೆಚ್ಚು ಟೊಳ್ಳು ಹೇಳಿದ ವರ್ಷ ಅಪ್ಪನ ಮುಖ ಸಣ್ಣದಾಗುತ್ತಿತ್ತು, ಖರ್ಚಿನ ಚಿಂತೆಯಿಂದ. ಆದರೆ ಅವನನ್ನು ದ್ರೋಹಿ ಎಂದು ಯಾರೂ ಕರೆಯಲಿಲ್ಲ. ಆ ಮಾಳಿಗೆಯ ಕೆಳಗೆ ಮಲಗುತ್ತಿದ್ದವರು ನಾವು ಮಕ್ಕಳು.

ಇದನ್ನೆಲ್ಲ ಸೈಕಲ್ ಅಂಗಡಿಯ ಗೆಳೆಯನಿಗೆ ಹೇಳಿದೆ. ಅವನು ಪಂಕ್ಚರ್ ಹಾಕುತ್ತ ಕೇಳಿಸಿಕೊಂಡ. ಗೋಡೆಯ ಚಿತ್ರವನ್ನು ತೆಗೆಯಲಿಲ್ಲ. ತೆಗೆಯಬೇಕೆಂದು ನಾನೂ ಈಗ ಹೇಳುವುದಿಲ್ಲ. "ಆ ಇನ್ನೊಬ್ಬಂದು ಫೋಟೋ ಸಿಗತದೇನ್ರಿ ಮಾಸ್ತರ?" ಎಂದು ಕೇಳಿದ. ಹುಡುಕುತ್ತಿದ್ದೇನೆ. ನಸುಕಿನಲ್ಲಿ ಗಾಳಿ ತುಂಬಿಸಲು ಬರುವ ಹುಡುಗರು ಎರಡನ್ನೂ ನೋಡಲಿ, ಇವನ್ಯಾರು ಎಂದು ಕೇಳಲಿ.